ರೋಹಿಣಿಯಲ್ಲಿ ನಾಟಿ, ಮಖೆಯಲ್ಲಿ ಕೀಳು: ಹಾಸನ ಸೀಮೆಯ ಉರುಳಗೆಡ್ಡೆ ಬೇಸಾಯ

ಮುಂದಿನ ಸಾಲಿನವರ ಕೈಗೆ ಒಂದೊಂದು ಬಿತ್ತನೆ ಗೆಡ್ಡೆ ಕೊಟ್ಟಿದ್ದೇನೆ. ನೋಡಿ ಹಿಂದಕ್ಕೆ ದಾಟಿಸಿ. ಒಂದು ತುದಿಯಲ್ಲಿ ಸಣ್ಣ ಗುಳಿ ಇದೆಯಲ್ಲ, ಅದು ಹೊಕ್ಕಳು. ತಾಯಿ ಗಿಡದ ಹಂಬಿಗೆ ಅಂಟಿಕೊಂಡಿದ್ದ ಜಾಗ. ಅದರ ಎದುರು ತುದಿ ನೆತ್ತಿ. ನೆತ್ತಿಯ ಕಡೆ ಕಣ್ಣು ಒತ್ತೊತ್ತಾಗಿವೆ, ಹೊಕ್ಕಳ ಕಡೆ ವಿರಳ. ಇದು ಬೇರಲ್ಲ, ಮಣ್ಣೊಳಗೆ ಊದಿಕೊಂಡ ಕಾಂಡ. ಆ ಒಂದೊಂದು ಕಣ್ಣೂ ಒಂದೊಂದು ಗಿಣ್ಣು.

ಇಷ್ಟು ಹೊತ್ತು ಹೊಕ್ಕಳು ನೆತ್ತಿ ಅಂತ ಯಾಕೆ ಹೇಳಿದೆ ಅಂದರೆ, ನಾವು ಇದನ್ನು ‘ಬಿತ್ತನೆ ಬೀಜ’ ಅಂತ ಕರೆದೂ ಕರೆದೂ ಬೀಜದ ಹಾಗೇ ನಡೆಸಿಕೊಳ್ಳುತ್ತೇವೆ. ರಾಗಿಯನ್ನು ಒಣಗಿಸಿ ಗುಡಾಣಕ್ಕೆ ಸುರಿದರೆ ಅದು ವರ್ಷಗಟ್ಟಲೆ ಸುಮ್ಮನಿರುತ್ತದೆ. ಉರುಳಗೆಡ್ಡೆ ಹಾಗಲ್ಲ. ಅದು ಉಸಿರಾಡುತ್ತದೆ, ಬೆವರುತ್ತದೆ, ಗಾಯ ಮಾಯಿಸಿಕೊಳ್ಳುತ್ತದೆ, ಕಾಯಿಲೆ ಹೊತ್ತು ತರುತ್ತದೆ, ಮುದಿಯೂ ಆಗುತ್ತದೆ. ಹಾಸನದ ಕಡೆ ಬೆಳೆ ಕೆಟ್ಟಾಗ ಮಳೆಯನ್ನು ಬಯ್ಯುತ್ತಾರೆ, ಔಷಧಿಯನ್ನು ಬಯ್ಯುತ್ತಾರೆ. ಆದರೆ ಅರ್ಧ ಲೆಕ್ಕ ಗೆಡ್ಡೆ ಮಣ್ಣಿಗೆ ಬೀಳುವ ಮೊದಲೇ ಮುಗಿದಿರುತ್ತದೆ. ಇವತ್ತಿನ ಮಾತಿನಲ್ಲಿ ಹೆಚ್ಚಿನ ಪಾಲು ಆ ಮೊದಲರ್ಧದ ಬಗ್ಗೆಯೇ.

ಹೆಸರಿನ ವಿಚಾರ ಒಂದು ನಿಮಿಷ. ಕರಾವಳಿ ಮತ್ತು ಉತ್ತರ ಕರ್ನಾಟಕದವರು ಬಟಾಟೆ ಅನ್ನುತ್ತಾರೆ, ಪೋರ್ಚುಗೀಸರ ಬಾಯಿಂದ ಬಂದ ಪದ. ತಮಾಷೆ ಅಂದರೆ, ಕೆರಿಬಿಯನ್ ದ್ವೀಪಗಳಲ್ಲಿ ಆ ಪದ ಹುಟ್ಟಿದ್ದು ಗೆಣಸಿಗೆ. ಆಲೂ ಉತ್ತರದಿಂದ ಬಂತು. ಉರುಳಗೆಡ್ಡೆ ಮಾತ್ರ ಕಣ್ಣಲ್ಲಿ ನೋಡಿ ಇಟ್ಟ ಹೆಸರು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಬೆಳೆ ಇದು, ತಂಪಿನಲ್ಲಿ ಹುಟ್ಟಿದ್ದು. ಆ ತಂಪಿನ ಹಟವನ್ನು ಇಂದಿಗೂ ಬಿಟ್ಟಿಲ್ಲ. ರಾತ್ರಿ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದರೆ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ಸೆಕೆ ಏರಿದರೆ ಸೊಪ್ಪು ಬೆಳೆಯುತ್ತದೆ, ಬುಡದಲ್ಲಿ ಏನೂ ಇರುವುದಿಲ್ಲ. ಉತ್ತರ ಭಾರತದಲ್ಲಿ ಇದು ಚಳಿಗಾಲದ ಬೆಳೆ. ಹಾಸನ, ಆಲೂರು, ಬೇಲೂರು, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮುಂಗಾರಿನಲ್ಲೇ ಬೆಳೆಯಲು ಸಾಧ್ಯವಾಗಿರುವುದು ಈ ಸೀಮೆಯ ಬಹುಭಾಗ 900 ಮೀಟರ್ ಎತ್ತರದ ಆಸುಪಾಸಿನಲ್ಲಿ ಇರುವುದರಿಂದ, ಮತ್ತು ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮಘಟ್ಟದ ಮೋಡ ನೆರಳು ಹಿಡಿಯುವುದರಿಂದ. ಅದೇ ಮೋಡ ಆಮೇಲೆ ಏನು ಮಾಡುತ್ತದೆ ಅನ್ನುವುದಕ್ಕೆ ಮತ್ತೆ ಬರುತ್ತೇನೆ.

ಈಗ ಗೆಡ್ಡೆ ಎಲ್ಲಿಂದ ಬರುತ್ತದೆ? ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ. ‘ನಮ್ಮ ಬೆಳೆಯಲ್ಲೇ ಬಿತ್ತನೆ ಎತ್ತಿಟ್ಟುಕೊಂಡರೆ ಆಗದೇ, ಇಷ್ಟು ದೂರದಿಂದ ಯಾಕೆ ತರಿಸಬೇಕು’ ಅಂತ ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ತಿಂಗಳು ಎಣಿಸಿ. ನಮ್ಮ ಬೆಳೆ ಕೀಳುವುದು ಆಗಸ್ಟ್ ಕೊನೆ, ಸೆಪ್ಟೆಂಬರ್. ಮತ್ತೆ ನಾಟಿ ಮೇ ಕೊನೆಗೆ. ನಡುವೆ ಎಂಟು ಒಂಬತ್ತು ತಿಂಗಳು. ಕಿತ್ತ ಗೆಡ್ಡೆ ಎರಡು ಮೂರು ತಿಂಗಳು ನಿದ್ದೆ ಮಾಡುತ್ತದೆ, ಆಮೇಲೆ ಮೊಳಕೆ ತಡೆಯುವುದಿಲ್ಲ. ಮನೆಯ ಅಟ್ಟದಲ್ಲಿಟ್ಟರೆ ಡಿಸೆಂಬರ್ ಹೊತ್ತಿಗೆ ಮೊಳಕೆ ಉದ್ದ ಬಿಟ್ಟು, ಗೆಡ್ಡೆ ಸುಕ್ಕುಗಟ್ಟಿ, ಮೇ ತಿಂಗಳಿಗೆ ಸಿಪ್ಪೆಯೇ ಉಳಿಯುತ್ತದೆ. ಎರಡನೆಯದು ಹೇನು. ಎಲೆಯ ರಸ ಹೀರುವ ಹೇನು ನಂಜು ರೋಗವನ್ನು, ಅಂದರೆ ವೈರಸ್ಸನ್ನು, ಗಿಡದಿಂದ ಗಿಡಕ್ಕೆ ದಾಟಿಸುತ್ತದೆ, ನಂಜು ಗೆಡ್ಡೆಗೆ ಇಳಿಯುತ್ತದೆ. ಮೊದಲ ವರ್ಷ ಗೊತ್ತೇ ಆಗುವುದಿಲ್ಲ. ಎರಡನೇ ವರ್ಷ ಎಲೆ ಮುದುರುತ್ತದೆ, ಮೂರನೇ ವರ್ಷ ಗೆಡ್ಡೆ ಗೋಲಿ ಗಾತ್ರಕ್ಕೆ ನಿಲ್ಲುತ್ತದೆ.

ಪಂಜಾಬಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೇನು ಬಹಳ ಕಡಿಮೆ. ಆ ಕಿಟಕಿಯನ್ನು ಹಿಡಿದು ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ಒಂದು ಪದ್ಧತಿ ಕಟ್ಟಿದರು. ಬೇಗ ನೆಟ್ಟು, ನೂರು ಎಲೆಗೆ 20 ಹೇನು ದಾಟುವ ಮೊದಲೇ, ಅಂದರೆ ಡಿಸೆಂಬರ್ ಕೊನೆಯಿಂದ ಜನವರಿ ನಡುವಿನೊಳಗೆ, ಸೊಪ್ಪನ್ನು ಬುಡಕ್ಕೆ ಕತ್ತರಿಸಿಬಿಡುವುದು. ಸೊಪ್ಪಿಲ್ಲದಿದ್ದರೆ ಹೇನಿಗೆ ಕೂರಲು ಜಾಗವಿಲ್ಲ, ಗೆಡ್ಡೆ ಮಣ್ಣಿನೊಳಗೇ ಸಿಪ್ಪೆ ಗಟ್ಟಿ ಮಾಡಿಕೊಳ್ಳುತ್ತದೆ. ಅದನ್ನು ಕಿತ್ತು 2ರಿಂದ 4 ಡಿಗ್ರಿ ಶೈತ್ಯಾಗಾರದಲ್ಲಿಟ್ಟರೆ ಮೇ ತಿಂಗಳಿಗೆ ನಮಗೆ ಸರಿಯಾಗಿ ಎಚ್ಚರಗೊಳ್ಳುವ ವಯಸ್ಸು. ತಳಿ ಹೆಚ್ಚಾಗಿ ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದದ್ದು. ಕುಫ್ರಿ ಅನ್ನುವುದು ಶಿಮ್ಲಾ ಪಕ್ಕದ ಊರು, ತಳಿ ಎಬ್ಬಿಸುವ ಕೇಂದ್ರ ಇರುವ ಜಾಗ. ಈಚೆಗೆ 2006ರ ಕುಫ್ರಿ ಹಿಮಾಲಿನಿಯೂ ಸಿಗುತ್ತದೆ. ಅಂಗಾಂಶ ಕೃಷಿಯ, ಅಂದರೆ ಪ್ರಯೋಗಾಲಯದಲ್ಲಿ ರೋಗವಿಲ್ಲದಂತೆ ಬೆಳೆಸಿದ, ಗಿಡದ ಕುಡಿ ಕತ್ತರಿಸಿ, ಬೇರು ಬರಿಸಿದ ಸಸಿಗಳನ್ನು ಹಾಸನದಲ್ಲೇ ನರ್ಸರಿಗಳು ಬೆಳೆಸುತ್ತಿವೆ. ಇಲ್ಲೇ ಬಿತ್ತನೆ ಮಾಡಿಕೊಳ್ಳುವ ದಾರಿ ಇದ್ದರೆ ಅದು ಇದೊಂದೇ ಅಂತ ನನ್ನ ಅಭಿಪ್ರಾಯ.

ಮೂಟೆ ಮನೆಗೆ ಬಂತು ಅಂದುಕೊಳ್ಳಿ. ಇಲ್ಲೇ ಮೊದಲ ತಪ್ಪು ನಡೆಯುವುದು. ಶೈತ್ಯಾಗಾರದಿಂದ ಹೊರಬಿದ್ದ ಗೆಡ್ಡೆ ಬೆವರುತ್ತದೆ. ಅದನ್ನು ಮೂಟೆಯಲ್ಲೇ, ಒಂದರ ಮೇಲೊಂದು ಐದಾರು ಪೇರಿಸಿ, ತಗಡಿನ ಕೊಟ್ಟಿಗೆಯಲ್ಲಿ ಮೂರು ದಿನ ಬಿಟ್ಟರೆ ಒಳಗಿನ ಗೆಡ್ಡೆಗೆ ಗಾಳಿ ಸಾಲದೆ ತಿರುಳು ಕಪ್ಪಾಗುತ್ತದೆ. ಹೊರಗೆ ಚಿನ್ನದ ಹಾಗೆ ಇರುತ್ತದೆ, ಕುಯ್ದರೆ ನಡುವೆ ಮಸಿ. ಬಂದ ದಿನವೇ ಮೂಟೆ ಬಿಚ್ಚಿ, ಬಿಸಿಲು ಬೀಳದ ಆದರೆ ಬೆಳಕು ಬರುವ ಜಗಲಿಯಲ್ಲಿ, ಒಂದೆರಡು ಗೆಡ್ಡೆ ದಪ್ಪಕ್ಕೆ ಹರಡಿ. ಎಂಟು ಹತ್ತು ದಿನ. ಕೊಳೆತದ್ದನ್ನು, ಮೆತ್ತಗಿರುವುದನ್ನು ದಿನಾ ಆರಿಸಿ ಎಸೆಯಿರಿ. ಬೆಳಕಿನಲ್ಲಿ ಬಂದ ಮೊಳಕೆ ಗಿಡ್ಡ, ದಪ್ಪ, ನೇರಳೆ ಬಣ್ಣ. ಕೈ ತಾಗಿದರೂ ಮುರಿಯುವುದಿಲ್ಲ. ಕತ್ತಲೆಯಲ್ಲಿ ಬಂದದ್ದು ಬಿಳಿ ದಾರದ ಹಾಗೆ, ಮಂಕರಿಗೆ ತುಂಬುವಾಗಲೇ ಉದುರುತ್ತದೆ. ಅರ್ಧ ಸೆಂಟಿಮೀಟರ್ ಮೊಳಕೆ ಸಾಕು. ಅಷ್ಟಿದ್ದರೆ 12ರಿಂದ 15 ದಿನಕ್ಕೆ ಗಿಡ ಮಣ್ಣಿನ ಮೇಲೆ ಬರುತ್ತದೆ. ನೆತ್ತಿಯ ಮೊಳಕೆ ಒಂದೇ ಎದ್ದು ಉಳಿದ ಕಣ್ಣುಗಳು ಸುಮ್ಮನಿದ್ದರೆ ಆ ಒಂದನ್ನು ಚಿವುಟಿ ಹಾಕಿ, ಬೇರೆಯವು ಎಚ್ಚರಾಗುತ್ತವೆ.

ಇನ್ನು ಕುಯ್ಯುವುದು. 30ರಿಂದ 40 ಗ್ರಾಂ ಗೆಡ್ಡೆ ಸಿಕ್ಕಿದರೆ ಕುಯ್ಯಲೇಬೇಡಿ, ಇಡಿಯಾಗಿ ನೆಡಿ. ಆದರೆ ಮೂಟೆಯಲ್ಲಿ ದಪ್ಪ ಗೆಡ್ಡೆಯೇ ಹೆಚ್ಚು, ದುಡ್ಡೂ ಹೆಚ್ಚು, ಆದ್ದರಿಂದ ಕುಯ್ಯದೆ ವಿಧಿಯಿಲ್ಲ. ಈಗ ಕೈಯಲ್ಲಿರುವ ಗೆಡ್ಡೆ ನೋಡಿ. ಅಡ್ಡ ಕುಯ್ದರೆ ನೆತ್ತಿಯ ಹೋಳಿಗೆ ಎಲ್ಲ ಕಣ್ಣು, ಹೊಕ್ಕಳ ಹೋಳಿಗೆ ಒಂದೋ ಎರಡೋ ಸೋಮಾರಿ ಕಣ್ಣು. ಹೊಲದಲ್ಲಿ ಒಂದು ಗಿಡ ಎದ್ದು ಪಕ್ಕದ್ದು ಏಳದಿರುವುದಕ್ಕೆ ಇದೇ ಕಾರಣ. ನೆತ್ತಿಯಿಂದ ಹೊಕ್ಕಳಿಗೆ ಉದ್ದುದ್ದ ಸೀಳಬೇಕು. ಒಂದೊಂದು ಹೋಳಿಗೂ ಎರಡು ಮೂರು ಕಣ್ಣು, 25 ಗ್ರಾಂಗೆ ಕಡಿಮೆಯಾಗದ ತೂಕ. ಮೊದಲ ಎರಡು ಮೂರು ವಾರ ಗಿಡ ಬದುಕುವುದು ಆ ಹೋಳಿನ ಬುತ್ತಿಯಲ್ಲಿ. ಬುತ್ತಿ ಸಣ್ಣದಾದರೆ ಗಿಡಕ್ಕೆ ಒಂದೇ ಕಾಂಡ, ಅದೂ ಸೊಣಕಲು.

ಕತ್ತಿ ಎರಡಿರಲಿ. ಒಂದು ಕೈಯಲ್ಲಿ, ಇನ್ನೊಂದು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನ ಬೋಗುಣಿಯಲ್ಲಿ. ಕುಯ್ದಾಗ ಸಿಪ್ಪೆಯ ಒಳಗಡೆ ಸುತ್ತಲೂ ಕಂದು ಉಂಗುರ ಕಂಡು, ಹಿಂಡಿದರೆ ಬಿಳಿ ಲೋಳೆ ಬಂದರೆ ಅದು ದುಂಡಾಣು ಸೊರಗು ರೋಗ. ಆ ಗೆಡ್ಡೆ ದನಕ್ಕೂ ಬೇಡ, ತಿಪ್ಪೆಗೂ ಬೇಡ, ಆಳವಾಗಿ ಹೂತುಬಿಡಿ, ಕತ್ತಿ ಬದಲಿಸಿ. ಬದಲಿಸದೆ ಮುಂದಿನ ಗೆಡ್ಡೆಗಳನ್ನು ಕುಯ್ದರೆ ರೋಗವನ್ನು ನೀವೇ ನಿಮ್ಮ ಕೈಯಾರೆ ಹೊಲಕ್ಕೆಲ್ಲ ನೆಟ್ಟ ಹಾಗೆ. ಹೊಲದಲ್ಲಿ ಗಿಡ ಹಸಿರಾಗಿರುವಾಗಲೇ ಮಧ್ಯಾಹ್ನ ಜೋತುಬಿದ್ದರೆ ಅನುಮಾನ ಪಡಿ. ಕಾಂಡ ಕುಯ್ದು ಒಂದು ಲೋಟ ತಿಳಿನೀರಿನಲ್ಲಿ ಇಳಿಬಿಟ್ಟರೆ, ಈ ರೋಗ ಇದ್ದಲ್ಲಿ ನಿಮಿಷಗಳಲ್ಲಿ ಹಾಲಿನ ಎಳೆಯಂಥದು ಕೆಳಗೆ ಇಳಿಯುತ್ತದೆ.

ಹಿಂದೆ ಕುಯ್ದ ಹೋಳಿಗೆ ಒಲೆಯ ಬೂದಿ ಸವರುತ್ತಿದ್ದರು. ಬೂದಿ ಹಸಿ ಹೀರಿ ಮೈ ಒಣಗಿಸುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ರೋಗ ಕೊಲ್ಲುತ್ತದೆ ಅನ್ನುವ ಭ್ರಮೆ ಬೇಡ. ಮ್ಯಾಂಕೊಜೆಬ್ ದ್ರಾವಣದಲ್ಲಿ, ಲೀಟರಿಗೆ 3 ಗ್ರಾಂನಂತೆ, ಹತ್ತು ನಿಮಿಷ ಅದ್ದಿ ತೆಗೆಯಬಹುದು. ಯಾವುದು ಮಾಡಿದರೂ ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ದಿನ ಬಿಡಿ. ಗಾಯದ ಮೇಲೆ ಹೊಸ ಪೊರೆ ಕಟ್ಟುತ್ತದೆ. ಬೆರಳಾಡಿಸಿದರೆ ತೊಗಲಿನಂತೆ ತಗಲಬೇಕು. ಬೆಳಗ್ಗೆ ಕುಯ್ದು ಮಧ್ಯಾಹ್ನ ನೆಟ್ಟ ಹೋಳು, ನೆಟ್ಟ ಮಾರನೇ ದಿನ ಜೋರು ಮಳೆ ಬಂದರೆ ಮಣ್ಣಲ್ಲೇ ಕರಗುತ್ತದೆ. ಆಗ ‘ಬೀಜ ಸರಿಯಿಲ್ಲ’ ಅಂತ ವರ್ತಕರ ಮೇಲೆ ಜಗಳ. ಕೆಲವು ಸಲ ಜಗಳದಲ್ಲಿ ಹುರುಳಿರುತ್ತದೆ, ಎಷ್ಟೋ ಸಲ ಇರುವುದಿಲ್ಲ.

ಎಷ್ಟು ಬೇಕು? ಬಾಯಿಲೆಕ್ಕ ಮಾಡಿ. ಸಾಲಿಂದ ಸಾಲಿಗೆ ಎರಡು ಅಡಿ, ಅಂದರೆ 60 ಸೆಂಟಿಮೀಟರ್. ಹೋಳಿಂದ ಹೋಳಿಗೆ ಒಂದು ಗೇಣು, 22 ಸೆಂಟಿಮೀಟರ್ ಇಟ್ಟುಕೊಳ್ಳಿ. ಎಕರೆಗೆ ಹೆಚ್ಚುಕಡಿಮೆ 30,000 ಹೋಳು ಬೀಳುತ್ತದೆ. 25 ಗ್ರಾಂನಂತೆ ಏಳೂವರೆ ಕ್ವಿಂಟಾಲ್. ಆರಿಸಿ ಎಸೆದದ್ದು ಸೇರಿ ಎಂಟು ಕ್ವಿಂಟಾಲ್, 50 ಕೆಜಿಯ 16 ಮೂಟೆ. 40 ಗ್ರಾಂ ಇಡಿ ಗೆಡ್ಡೆ ನೆಟ್ಟರೆ 12 ಕ್ವಿಂಟಾಲ್. ಹತ್ತೇ ಮೂಟೆಯಲ್ಲಿ ಎಕರೆ ಮುಗಿಸಿದೆ ಅನ್ನುವವರು ಒಂದೋ ಹೋಳು ಸಣ್ಣ ಮಾಡಿದ್ದಾರೆ, ಇಲ್ಲವೇ ಸಾಲು ಅಗಲ ಹಿಡಿದಿದ್ದಾರೆ.

ಹೊಲದ ವಿಚಾರ ಬೇಗ ಹೇಳಿಬಿಡುತ್ತೇನೆ. ಮರಳು ಬೆರೆತ ಕೆಂಪು ಮಣ್ಣು, ನೀರು ನಿಲ್ಲಬಾರದು. ಭರಣಿ, ಕೃತ್ತಿಕೆ ಮಳೆಗಳ ಹದಕ್ಕೆ ಮೂರು ನಾಲ್ಕು ಉಳುಮೆ, ಹೆಂಟೆ ಒಡೆಯಲು ಹಲುಬೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ ಹತ್ತು ಟನ್, ಎತ್ತಿನ ಗಾಡಿಯಲ್ಲಿ ಇಪ್ಪತ್ತು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಅದು ಗೆಡ್ಡೆಗೆ ತೂತು ಕೊರೆದು ಬೆಲೆ ಕಳೆಯುತ್ತದೆ. ಹಿಂದಿನ ಬೆಳೆ ಟೊಮೆಟೊ, ಬದನೆ, ಮೆಣಸಿನಕಾಯಿ, ಹೊಗೆಸೊಪ್ಪು ಆಗಿದ್ದರೆ ಆ ಹೊಲ ಬೇಡ. ನಾಲ್ಕೂ ಉರುಳಗೆಡ್ಡೆಯ ಕುಲದವೇ, ಕಾಯಿಲೆಯೂ ಹಂಚಿಕೊಂಡದ್ದು.

ನಾಟಿಗೆ ರೋಹಿಣಿ ಮಳೆ, ಮೇ 25ರಿಂದ ಜೂನ್ 7ರ ಸುಮಾರು. ಅದಕ್ಕೂ ಮೊದಲು ನೆಟ್ಟರೆ ಮಣ್ಣಿನ ಕಾವಿಗೆ ಹೋಳು ಬೇಯುತ್ತದೆ. ಮೃಗಶಿರ ದಾಟಿದರೆ ಗಿಡ ಎಳೆಯದಾಗಿರುವಾಗಲೇ ಸೋನೆ ಹಿಡಿಯುತ್ತದೆ. ಎತ್ತಿನ ನೇಗಿಲು ಸಾಲು ತೆಗೆಯುತ್ತಾ ಹೋಗುತ್ತದೆ, ಹಿಂದೆ ಒಬ್ಬರು ಗೊಬ್ಬರ ಉದುರಿಸುತ್ತಾರೆ, ಅದರ ಮೇಲೆ ಕಾಲಲ್ಲಿ ಒಂದಿಷ್ಟು ಮಣ್ಣು ಎಳೆಯುತ್ತಾರೆ. ಆ ಮಣ್ಣು ಎಳೆಯುವುದನ್ನು ಬಿಡಬೇಡಿ, ರಾಸಾಯನಿಕ ಗೊಬ್ಬರ ನೇರವಾಗಿ ತಗಲಿದರೆ ಮೊಳಕೆ ಸುಡುತ್ತದೆ. ಅವರ ಹಿಂದೆ ಹೆಂಗಸರು ಮಂಕರಿ ಸೊಂಟಕ್ಕಿಟ್ಟು ಗೇಣಿಗೊಂದು ಹೋಳು, ಕುಯ್ದ ಮೈ ಕೆಳಗೆ, ಕಣ್ಣು ಮೇಲೆ. ಮುಂದಿನ ಸಾಲಿನ ಮಣ್ಣು ಇದನ್ನು ಮುಚ್ಚುತ್ತದೆ. ಮೇಲೆ ನಾಲ್ಕು ಬೆರಳು ಮಣ್ಣು ಸಾಕು.

ಗಿಡ ಗೇಣುದ್ದ ಆದಾಗ, 25ರಿಂದ 30ನೇ ದಿನಕ್ಕೆ, ಎಡೆ ಹೊಡೆದು ಬುಡಕ್ಕೆ ಮಣ್ಣು ಏರಿಸಬೇಕು. ಎರಡು ವಾರ ಬಿಟ್ಟು ಇನ್ನೊಂದು ಸಲ. ಇದು ಬರೀ ಕಳೆ ತೆಗೆಯುವ ಕೆಲಸ ಅಂತ ತಿಳಿದವರಿದ್ದಾರೆ. ನೆಟ್ಟ ಹೋಳಿನ ಕೆಳಗೆ ಗೆಡ್ಡೆ ಕಟ್ಟುವುದಿಲ್ಲ. ಹೋಳಿನ ಮೇಲೆ, ಕಾಂಡದ ಹೂತ ಭಾಗದಿಂದ ಹಂಬು ಹೊರಟು, ಅದರ ತುದಿ ಊದಿ ಗೆಡ್ಡೆಯಾಗುತ್ತದೆ. ಹಂಬು ಬೆಳಕು ಕಂಡರೆ ಎಲೆ ಬಿಟ್ಟು ಕೊಂಬೆಯಾಗುತ್ತದೆ. ಗೆಡ್ಡೆ ಬೆಳಕು ಕಂಡರೆ ಹಸಿರಾಗಿ ಕಹಿ ವಿಷ ಸೇರುತ್ತದೆ. ಮೂರನೆಯ ಉಪಕಾರ, ಎಲೆಯಿಂದ ತೊಳೆದು ಬಂದ ರೋಗದ ಕಣ ಗೆಡ್ಡೆ ಮುಟ್ಟದಂತೆ ಏರಿಸಿದ ಮಣ್ಣಿನ ಆ ಬೋದು ತಡೆಯುತ್ತದೆ. ಎರಡನೇ ಸಲ ಏರಿಸುವುದು ತಡವಾದರೆ ಕುಂಟೆ ಹಂಬನ್ನೇ ಹರಿಯುತ್ತದೆ. 45 ದಿನ ದಾಟಿದ ಮೇಲೆ ಸಾಲಿಗೆ ಎತ್ತು ಇಳಿಸಬೇಡಿ.

ಈಗ ಮೋಡದ ಮಾತು. ಆರಿದ್ರಾ ಆದರೆ ಆಯಿತು, ಇಲ್ಲದಿದ್ದರೆ ದರಿದ್ರ ಅನ್ನುವ ಗಾದೆ ರಾಗಿಯವರಿಗೆ ಸರಿ. ಉರುಳಗೆಡ್ಡೆಯವರಿಗೆ ಆರಿದ್ರಾ, ಪುನರ್ವಸು ಎರಡೂ ಅಂಗಮಾರಿಯ, ಅಂದರೆ ಸೊಪ್ಪನ್ನು ಕೊಳೆಸುವ ರೋಗದ, ಮಳೆ. ಜೂನ್ ಕೊನೆಯಿಂದ ಜುಲೈ ನಡುವೆ ಗಿಡಕ್ಕೆ 35ರಿಂದ 50 ದಿನ, ಸಾಲು ಮುಚ್ಚಿಕೊಂಡಿರುತ್ತದೆ, ಒಳಗೆ ಗಾಳಿಯಾಡುವುದಿಲ್ಲ. ಎರಡು ಮೂರು ದಿನ ಬಿಸಿಲಿಲ್ಲದೆ ತುಂತುರು ಹಿಡಿದರೆ ಸಾಕು. ಬೆಳಗ್ಗೆ ಇಬ್ಬನಿ ಆರುವ ಮೊದಲು ಹೊಲಕ್ಕೆ ಹೋಗಿ, ಕೆಳಗಿನ ಎಲೆಗಳನ್ನು ಮಗುಚಿ ನೋಡಿ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಮಚ್ಚೆ, ಅದರ ಹಿಂಬದಿಯಲ್ಲಿ ಅಂಚು ಹಿಡಿದು ಬಿಳಿ ಬೂಸ್ಟಿನ ಗೆರೆ. ಹತ್ತು ಗಂಟೆಗೆ ಹೋದರೆ ಆ ಬಿಳಿ ಕಾಣುವುದಿಲ್ಲ, ಕಂದು ಮಚ್ಚೆ ಮಾತ್ರ ಕಂಡು ‘ಎಲೆಚುಕ್ಕೆ’ ಅಂತ ಮನೆಗೆ ಬರುತ್ತೀರಿ. ಎಲೆಚುಕ್ಕೆಯಲ್ಲಿ ಮಚ್ಚೆ ಒಣಕಲು, ಒಳಗೆ ಉಂಗುರದೊಳಗೆ ಉಂಗುರ. ಅಂಗಮಾರಿಯ ಮಚ್ಚೆ ಒದ್ದೆ, ವಾಸನೆಯೂ ಇರುತ್ತದೆ. ಮೂರು ದಿನ ಬಿಟ್ಟರೆ ಹೊಲಕ್ಕೆ ಕುದಿನೀರು ಎರಚಿದಂತೆ ಆಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಂದು ಸುಮಾರು ಹತ್ತು ಲಕ್ಷ ಜನರ ಪ್ರಾಣ ತೆಗೆದ ಕ್ಷಾಮದ ಮೂಲ ಇದೇ ರೋಗ. ಬಿಡುಗಡೆಯಾದ ಕಾಲಕ್ಕೆ ಜ್ಯೋತಿ ಇದನ್ನು ತಡೆಯುತ್ತಿತ್ತು, ಈಗ ರೋಗಾಣು ಅದನ್ನು ದಾಟಿ ಮುಂದೆ ಹೋಗಿದೆ. ಹಾಸನದಲ್ಲಿ ಉರುಳಗೆಡ್ಡೆ ಜಾಗಕ್ಕೆ ಮುಸುಕಿನ ಜೋಳ ಬಂದು ಕೂತಿರುವುದಕ್ಕೆ ದೊಡ್ಡ ಕಾರಣವೂ ಇದೇ.

ಔಷಧಿ ಹೊಡೆಯಬೇಕಾದದ್ದು ಮಚ್ಚೆ ಕಾಣುವ ಮೊದಲು. ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ ಎಲೆಯ ಮೇಲೆ ಕವಚ ಅಷ್ಟೇ, ಒಳಹೊಕ್ಕ ರೋಗವನ್ನು ಎಳೆದು ತರುವುದಿಲ್ಲ. ಮಚ್ಚೆ ಕಂಡ ಮೇಲೆ ಸೈಮಾಕ್ಸನಿಲ್ ಅಥವಾ ಡೈಮೆಥೊಮಾರ್ಫ್ ಥರದ್ದು ಬೇಕು, ಒಂದನ್ನೇ ಪದೇ ಪದೇ ಹೊಡೆಯದೆ ಬದಲಿಸುತ್ತಾ. ಹಿಂದೆ ಎಲ್ಲರೂ ನಂಬಿದ್ದ ಮೆಟಲಾಕ್ಸಿಲ್ ಕೈಕೊಟ್ಟದ್ದು ಹಾಗೆ ಒಂದನ್ನೇ ಹೊಡೆದು. ಇನ್ನೊಂದು ತಪ್ಪು ನೀರಿನದು. ಸಾಲು ಮುಚ್ಚಿದ ಎಕರೆಗೆ 300 ಲೀಟರ್ ದ್ರಾವಣ ಬೇಕು, 16 ಲೀಟರಿನ ಕ್ಯಾನಿನಲ್ಲಿ 19 ಸಲ. ಎಂಟು ಕ್ಯಾನಿನಲ್ಲಿ ಮುಗಿಸಿದರೆ ಮೇಲಿನ ಎಲೆ ಹೊಳೆಯುತ್ತದೆ, ರೋಗ ಕೂತಿರುವ ಕೆಳಗಿನ ಎಲೆಯ ಹಿಂಬದಿ ಒಣಗೇ ಇರುತ್ತದೆ. ನಾಸಲ್ ಕೆಳಗಿಳಿಸಿ ಮೇಲ್ಮುಖ ಹಿಡಿಯಿರಿ.

ಅಡಿಕೆ, ಕಾಫಿಯವರು ಇಲ್ಲಿದ್ದೀರಿ, ಬೋರ್ಡೋ ದ್ರಾವಣ ನಿಮಗೆ ಹೊಸದಲ್ಲ. ಇದಕ್ಕೂ ನಡೆಯುತ್ತದೆ, ಶೇಕಡಾ ಒಂದರದು: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣಕ್ಕೆ ಸುರಿಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕು ಅದ್ದಿ ನೋಡಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಮುಗಿಸಿ.

ಎಲ್ಲ ಮೀರಿ ಮುಕ್ಕಾಲು ಸೊಪ್ಪು ಹೋಯಿತು ಅಂದರೆ ಇನ್ನು ಔಷಧಿಗೆ ದುಡ್ಡು ಹಾಕಬೇಡಿ. ಸೊಪ್ಪು ಕುಯ್ದು ಹೊಲದಿಂದ ಹೊರಗೆ ಸಾಗಿಸಿ, ಗೆಡ್ಡೆಯನ್ನು 10ರಿಂದ 15 ದಿನ ಮಣ್ಣಲ್ಲೇ ಬಿಡಿ. ಆತುರಕ್ಕೆ ಅವತ್ತೇ ಕಿತ್ತರೆ ಸೊಪ್ಪಿನ ರೋಗ ಗಾಯದ ಮೂಲಕ ಗೆಡ್ಡೆಗೆ ಹತ್ತಿ ಮೂಟೆಯಲ್ಲಿ ಕೊಳೆಯುತ್ತದೆ.

ಬೆಳೆ ಉಳಿದವರಿಗೆ ಕೀಳುವ ಕಾಲ 85, 90 ದಿನಕ್ಕೆ, ಮಖೆ ಮಳೆಯ ಆಸುಪಾಸು. ಎಲೆ ಹಳದಿಯಾಗಿ ಗಿಡ ಮಲಗಿರುತ್ತದೆ. ಇಲ್ಲೂ ಎಂಟು ಹತ್ತು ದಿನ ಮೊದಲು ಸೊಪ್ಪು ಕುಯ್ಯಿರಿ. ಒಂದೆರಡು ಬುಡ ಅಗೆದು, ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಸಿಪ್ಪೆ ಸುಲಿದು ಬಂದರೆ ಇನ್ನೂ ತಡೆಯಿರಿ, ಬಾರದಿದ್ದರೆ ಎತ್ತು ಕಟ್ಟಿ. ನೇಗಿಲನ್ನು ಬೋದಿನ ನಡುವೆ ಅಲ್ಲ, ಪಕ್ಕದಿಂದ, ಗೆಡ್ಡೆಗಿಂತ ಕೆಳಗೆ ಹಾಯಿಸಿ ಎತ್ತಬೇಕು. ನಡುವೆ ಹಾಯಿಸಿದರೆ ಕುಳಕ್ಕೆ ಸಿಕ್ಕಿ ಸೀಳಿದ್ದೇ ಒಂದು ಮೂಟೆ. ಮೊದಲು ಒಂದು ಬಿಟ್ಟು ಒಂದು ಸಾಲು. ಹೆಂಗಸರು ಆಯ್ದು ಮುಗಿಸಿದ ಮೇಲೆ ಬಿಟ್ಟ ಸಾಲು. ಒಂದೇ ಸಮ ಹೊಡೆದರೆ ಕಿತ್ತ ಸಾಲಿನ ಗೆಡ್ಡೆಯ ಮೇಲೆ ಎತ್ತಿನ ಗೊರಸು ಬೀಳುತ್ತದೆ, ಮುಂದಿನ ಮಣ್ಣು ಮುಚ್ಚಿಯೂ ಬಿಡುತ್ತದೆ.

ಮಳೆಯಾಶ್ರಯದಲ್ಲಿ ಒಳ್ಳೆಯ ವರ್ಷ ಒಂದು ಮೂಟೆಗೆ ಆರರಿಂದ ಎಂಟು. 16 ಮೂಟೆ ನೆಟ್ಟ ಎಕರೆಗೆ ನೂರರ ಹತ್ತಿರ ಅಥವಾ ಮೇಲೆ, ಅಂದರೆ ಐದು ಆರು ಟನ್. ದಪ್ಪ, ಮಧ್ಯಮ, ಗೋಲಿ ಅಂತ ಹೊಲದಲ್ಲೇ ಬೇರೆ ಮಾಡಿ. ಕುಳ ತಗಲಿದ್ದು, ಹಸಿರಾದದ್ದು, ಒಡೆದದ್ದು ಬೇರೆ. ಮಧ್ಯೆ ಬಿಸಿಲು ಹಿಡಿದು ಆಮೇಲೆ ಮಳೆ ಸುರಿದ ವರ್ಷ ಗೆಡ್ಡೆಗೆ ಬಿರುಕು ಬರುತ್ತದೆ, ಮಗ್ಗುಲಲ್ಲಿ ಮರಿಗೆಡ್ಡೆ ಏಳುತ್ತದೆ. ಅದು ರೋಗವಲ್ಲ, ತಿನ್ನಬಹುದು, ಬೆಲೆ ಮಾತ್ರ ಸಿಗುವುದಿಲ್ಲ. ಒದ್ದೆ ಗೆಡ್ಡೆಯನ್ನು ಮೂಟೆಗೆ ತುಂಬಬೇಡಿ. ಮರದ ನೆರಳಲ್ಲಿ ಸೊಂಟದೆತ್ತರ ರಾಶಿ ಹಾಕಿ, ಹುಲ್ಲು ಹೊದಿಸಿ, ಮೈ ಆರಿದ ಮೇಲೆ ತುಂಬಿ. ಮಾರದೆ ಒಂದಿಷ್ಟು ದಿನ ಇಡುವವರು ರಾಶಿಯ ಕೆಳಗೂ ಮೇಲೂ ಒಂದಿಂಚು ಒಣಗಿದ ಲಂಟಾನ ಇಲ್ಲವೇ ನೀಲಗಿರಿ ಸೊಪ್ಪು ಹರಡಿದರೆ ಗೆಡ್ಡೆ ಕೊರೆಯುವ ಪತಂಗ ಮೊಟ್ಟೆಯಿಡಲು ಹಿಂಜರಿಯುತ್ತದೆ.

ಎರಡು ದಿನ ಬಿಟ್ಟು ಹೊಲಕ್ಕೆ ಅಡ್ಡ ಕುಂಟೆ ಹೊಡೆದರೆ ಅಡಗಿದ್ದ ಗೆಡ್ಡೆ ಮೇಲೆ ಬರುತ್ತದೆ. ಹಕ್ಕಲು ಆಯುವವರನ್ನು ಆಗ ಬೇಡ ಅನ್ನಬೇಡಿ. ಊರಿನವರು ಎಷ್ಟು ಚೊಕ್ಕವಾಗಿ ಆಯ್ದುಕೊಂಡು ಹೋಗುತ್ತಾರೋ ಅಷ್ಟು ನಿಮಗೇ ಲಾಭ. ಆಮೇಲೆ ಆ ಹೊಲಕ್ಕೆ ಹಿಂಗಾರಿನ ಹುರುಳಿಯೋ ರಾಗಿಯೋ ಬೀಳುತ್ತದೆ. ಉರುಳಗೆಡ್ಡೆಗೆ ಹಾಕಿದ ಗೊಬ್ಬರದ ಮಿಕ್ಕ ಸತ್ವ ಅದಕ್ಕೆ ಸಾಕು. ಹಕ್ಕಲಿನ ಕೈಗೂ ತಪ್ಪಿದ ಗೆಡ್ಡೆ ನಿದ್ದೆ ಮುಗಿಸಿ ಆ ಬೆಳೆಯ ನಡುವೆ ಒಂದೊಂದು ಕಡೆ ಗಿಡವಾಗಿ ಏಳುತ್ತದೆ. ನೋಡಲು ಚೆಂದ, ಕೀಳಲು ಮನಸ್ಸಾಗುವುದಿಲ್ಲ. ಬುಡ ಸಮೇತ ಕಿತ್ತು ಹೊಲದಾಚೆ ಹಾಕಿ; ಅಂಗಮಾರಿ ಮತ್ತು ಸೊರಗು ರೋಗ ಎರಡೂ ಕಾಯುತ್ತಾ ಕೂರುವುದು ಆ ಗಿಡದಲ್ಲೇ.